ಮೊದಲು ನೀಲಿ, ಆಮೇಲೆ ತೊಟ್ಟಿಲು

ಜ್ವರ ಬಂದವರನ್ನು ಜ್ವರ ಮಾತ್ರ ಕಾಡುತ್ತದೆ. ಹೆಸರೇ ಕೇಳದ ಕಾಯಿಲೆ ಬಂದವರನ್ನು ಕಾಯಿಲೆ ಒಂದು ಪಾಲು ಕಾಡಿದರೆ, ನೋಡಲಿಕ್ಕೆ ಬಂದವರು ಮೂರು ಪಾಲು ಕಾಡುತ್ತಾರೆ. ನನಗಂತೂ ಇದು ಎಂದೋ ಒಮ್ಮೆ ಆಗುವ ಸಂಗತಿಯಾಗಿರಲಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಒಂದಲ್ಲ ಒಂದು ಪ್ರಸಂಗ ಹೊಸ್ತಿಲಲ್ಲೇ ಕಾದು ಕೂತಿರುತ್ತಿತ್ತು.

ನನಗೆ ಲಂಗ ಉಡುವ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ, ಸಾಹುಕಾರರಿಗೆ ಬರುವ ಕಾಯಿಲೆ ಈ ಕಡ್ಡಿಯಂಥ ಹುಡುಗಿಗೆ ಹೇಗೆ ಬಂತು ಎಂದು ಕೇಳದವರಿಲ್ಲ. ನನ್ನದು ಬೇರೆಯೇ ಬಗೆಯದ್ದು. ಪಥ್ಯ ಮಾಡಿದರೆ ಸಾಲದು, ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಿಕೊಂಡರೆ ನಾನು ಉಂಟು, ಇಲ್ಲದಿದ್ದರೆ ಇಲ್ಲ. ಶಾಲಾ ಮಾಷ್ಟ್ರಾಗಿದ್ದ ನನ್ನ ತಂದೆ ಇದನ್ನು ಮದುವೆಗೆ ಮೊದಲೇ ಗಂಡಿನ ಕಡೆಯವರಿಗೆ ಬಿಚ್ಚಿ ಹೇಳಿದ್ದರು. ದೇವಸ್ಥಾನದ ಅರ್ಚಕರಾಗಿದ್ದ ನನ್ನ ಮಾವ ಜಾತಕವನ್ನು ಮೇಲೆ ಕೆಳಗೆ ಮಾಡಿ ನೋಡಿ, "ಇದರಲ್ಲಿ ಅಂಥದ್ದೇನೂ ಕಾಣುವುದಿಲ್ಲ" ಎಂದು ಒಪ್ಪಿಬಿಟ್ಟರು. ಹಾಗೆ ನಾನು ಮಂಗಳೂರಿನ ಸೊಸೆಯಾದೆ. ಮನೆಯಲ್ಲಿ ಮಾವ, ಅತ್ತೆ, ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವ ನನ್ನ ಗಂಡ ಮತ್ತು ನಾನು. ಗಂಡನಿಗಿಂತ ಮೇಲಿನ ಐವರು ಬೇರೆ ಬೇರೆ ಊರುಗಳಲ್ಲಿದ್ದರು. ನಾವು ಆಡುತ್ತಿದ್ದದ್ದು ತುಳು. ಓದುವವರ ಅನುಕೂಲಕ್ಕೆ ಇಲ್ಲಿ ಕನ್ನಡ ಮಾಡಿದ್ದೇನೆ.

ನನಗೆ ಮಗು ಬೇಕಿತ್ತು. ಯಾರೋ ಕೇಳುತ್ತಾರೆಂದಲ್ಲ, ನನಗೇ ಬೇಕಿತ್ತು. ಹಂಪನಕಟ್ಟೆಯ ಲೇಡಿ ಡಾಕ್ಟರರ ಹತ್ತಿರ ಹೋಗಿ ಕೇಳಿದಾಗ ಅವರು ಮುಚ್ಚುಮರೆ ಮಾಡಲಿಲ್ಲ. "ಈಗ ಇರುವ ಸ್ಥಿತಿಯಲ್ಲಿ ಬಸುರಾದರೆ ಮಗುವೂ ಉಳಿಯುವುದು ಕಷ್ಟ, ನೀನೂ ಉಳಿಯುವುದು ಕಷ್ಟ. ಮೊದಲು ಸಕ್ಕರೆ ಹತೋಟಿಗೆ ಬರಲಿ. ಈ ಮಳೆಗಾಲ ಪೂರ್ತಿ ಟ್ಯೂಬಿನಲ್ಲಿ ನೀಲಿ ನಿಲ್ಲಿಸಿ ತೋರಿಸು. ಆಮೇಲೆ ಆಗಬಹುದು ಅಂತ ನಾನೇ ಹೇಳ್ತೇನೆ" ಎಂದರು.

ಟ್ಯೂಬೆಂದರೆ ಗಾಜಿನ ಕೊಳವೆ. ಅದರಲ್ಲಿ ಒಂದು ನೀಲಿ ದ್ರಾವಣ ಹಾಕಿ, ಕೆಲವು ತೊಟ್ಟು ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ. ನಮ್ಮೂರ ಹೆಂಚಿನ ಬಣ್ಣ ಬಂತೋ, ಮುಗಿಯಿತು. ನಮ್ಮ ಹಿತ್ತಿಲಿನ ಬಚ್ಚಲ ಕೊಟ್ಟಿಗೆಯಲ್ಲಿ ಬೆಳಿಗ್ಗೆ ಸಂಜೆ ಈ ಹೋಮ ನಡೆಯುತ್ತಿತ್ತು. ನನ್ನ ಮಗುವಿನ ಹಣೆಬರಹ ಆ ಕೊಳವೆಯಲ್ಲಿ ಕುದಿಯುತ್ತಿತ್ತು.

ಬಣ್ಣದ ವಿಚಾರ

ಡಾಕ್ಟರು ಅಷ್ಟು ವಿವರವಾಗಿ ಹೇಳಿದ್ದನ್ನು ನನ್ನ ಗಂಡ ಮನೆಗೆ ಬಂದು ತಾಯಿಗೆ ಒಂದೇ ಮಾತಿನಲ್ಲಿ ಒಪ್ಪಿಸಿದರು. "ನೀಲಿ ಬಂದ್ರೆ ಮಗು, ಅಮ್ಮ." ಸಂಸ್ಕೃತ ಕಲಿಸುವವರಿಗೆ ಸೂತ್ರದ ಹಾಗೆ ಮಾತಾಡುವ ಚಟ. ಆ ಸೂತ್ರಕ್ಕೆ ಭಾಷ್ಯ ಬರೆದವರು ನನ್ನ ಅತ್ತೆ.

ಮರುದಿನವೇ ಪಕ್ಕದ ಮನೆಯ ಹೆಂಗಸು ಪಾಗಾರದ ಗೋಡೆಯ ಮೇಲಿಂದ ತಲೆ ಹಾಕಿ, "ಇವತ್ತು ಎಂತ ಬಣ್ಣ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿನಿಂದ, "ತಿಳಿ ಹಸಿರು! ನಿನ್ನೆಗಿಂತ ಅಡ್ಡಿಲ್ಲ!" ಎಂದು ಕೂಗಿ ಹೇಳಿದರು. ವಾರದೊಳಗೆ ಹೂವಿನವಳು, ಹಾಲಿನವಳು, ದೇವಸ್ಥಾನಕ್ಕೆ ಹೋಗುವ ಬರುವ ಭಕ್ತಾದಿಗಳು ಎಲ್ಲರಿಗೂ ನನ್ನ ಮೂತ್ರದ ಬಣ್ಣ ಗೊತ್ತಾಯಿತು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸುತ್ತಿತ್ತು.

ಆ ತಿಂಗಳು ಮನೆತನದಲ್ಲೊಂದು ಮದುವೆ ಬಂತು. ನನಗೆ ಸೀರೆ ಕೊಡಿಸಲಿಕ್ಕೆ ಅತ್ತೆ ಹಂಪನಕಟ್ಟೆಯ ಜವಳಿ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವರು ಹಸಿರು ಸೀರೆ ಬಿಡಿಸಿ ಹಾಸಿದರು. ಅತ್ತೆ, "ಹಸಿರು ಬೇಡ" ಎಂದರು. ಹಳದಿ ಹಾಸಿದರು. "ಹಳದಿ ಇನ್ನೂ ಬೇಡ." ಒಳ್ಳೆಯ ಕುಂಕುಮ ಕೆಂಪಿನದ್ದು ತೆಗೆದರು. ಅತ್ತೆ ಎರಡೂ ಕೈ ಅಡ್ಡ ಹಿಡಿದು, "ಅಯ್ಯಯ್ಯೋ, ಅದನ್ನು ಇವಳ ಕಣ್ಣಿಗೂ ಹಾಕ್ಬೇಡಿ! ನೀಲಿ ಕೊಡಿ, ನೀಲಿ!" ಎಂದರು.

"ಅಮ್ಮಾ, ಮದುವೆ ಮನೆಗೆ ಕಡು ನೀಲಿಯಾ?" ಎಂದರು ಅಂಗಡಿಯವರು.

"ನಿಮಗೆ ಎಂತ ಗೊತ್ತುಂಟು? ಮಗು ಆಗ್ಬೇಕಾದ್ರೆ ನೀಲಿಯೇ ಆಗ್ಬೇಕು ಅಂತ ಇವಳ ಡಾಕ್ಟ್ರು ಹೇಳಿದ್ದಾರೆ."

ಅಂಗಡಿಯಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾನು ನೀಲಿ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ಹೊರಗೆ ಬಂದೆ. ಕೆಲವು ದಿನ ಕಳೆದ ಮೇಲೆ ನನ್ನ ಗೆಳತಿಯೊಬ್ಬಳು ಅದೇ ಅಂಗಡಿಗೆ ಹೋಗಿದ್ದಳಂತೆ. ಮದುವೆಯಾಗಿ ಎಷ್ಟು ವರ್ಷವಾಯಿತು, ಮಕ್ಕಳೆಷ್ಟು ಎಂದು ಅಂಗಡಿಯವರು ವಿಚಾರಿಸಿದರಂತೆ. ಇಲ್ಲ ಎಂದದ್ದೇ ತಡ, ಒಳಗಿನಿಂದ ಒಂದು ರಾಶಿ ನೀಲಿ ಸೀರೆ ತರಿಸಿ, "ಇದು ತೆಕ್ಕೊಳ್ಳಿ ಅಕ್ಕ. ಡಾಕ್ಟ್ರುಗಳೇ ಬರೆದು ಕೊಡುವುದು ಇದನ್ನು" ಎಂದರಂತೆ.

ಬಾವಿಯೊಳಗಿನ ಮದ್ದು

ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ, ಒಂದು ಸೀಸೆ ಕೆಟ್ಟರೆ ಇನ್ನೊಂದು ಸಿಗುವುದು ದೇವರಿಗೇ ಪ್ರೀತಿ. ನಮ್ಮ ಮನೆಯಲ್ಲಿ ತಂಪಾದ ಜಾಗ ಒಂದೇ, ಬಾವಿ. ನನ್ನ ಗಂಡ ಸೀಸೆಯನ್ನು ಒಂದು ಹಿತ್ತಾಳೆ ತಂಬಿಗೆಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ನೀರಿಗೆ ಮುಟ್ಟದ ಹಾಗೆ ಹಗ್ಗದಲ್ಲಿ ಇಳಿಬಿಟ್ಟಿದ್ದರು. ಮಾವ ಅದೇ ಬಾವಿಯಿಂದ ಪೂಜೆಗೆ ನೀರು ಸೇದುತ್ತಿದ್ದರು. ಯಾರಿಗೂ ತಕರಾರಿರಲಿಲ್ಲ.

ತಕರಾರು ಪಡೀಲಿನಿಂದ ಬಂತು. ಅಲ್ಲಿ ಮಾವನ ದಾಯಾದಿ ಒಬ್ಬರಿದ್ದರು. ಅವರೂ ಪುರೋಹಿತರೇ, ಆದರೆ ಮಡಿಯಲ್ಲಿ ಮಾವನಿಗಿಂತ ಒಂದು ಕೈ ಮೇಲೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಒಂದು ದಿನ ಬಂದವರು ಬಾವಿಗೆ ಬಗ್ಗಿ ತಂಬಿಗೆ ನೋಡಿ, "ಅದೆಂತದು?" ಎಂದು ಕೇಳಿದರು. ಮದ್ದು ಎಂದೆ. "ಯಾವುದರಿಂದ ಮಾಡುವುದು?" ಎಂದರು. ನನಗೆ ಗೊತ್ತಿತ್ತು, ಹೇಳಲಿಲ್ಲ. ಅವರಿಗೂ ಗೊತ್ತಿತ್ತು, ಹೇಳದೆ ಬಿಡಲಿಲ್ಲ. "ಭಟ್ರೇ, ಇದು ಪ್ರಾಣಿಯ ಹೊಟ್ಟೆಯೊಳಗಿನ ಸಾಮಾನಿನಿಂದ ಮಾಡುವ ಮದ್ದು. ನೀವು ಅದೇ ಬಾವಿಯ ನೀರಲ್ಲಿ ದೇವರಿಗೆ ಅಭಿಷೇಕ ಮಾಡ್ತಾ ಇದ್ದೀರಿ!"

ಮಾವ ಶಾಲು ಹೊದ್ದು ನೇರ ಡಾಕ್ಟರರ ಹತ್ತಿರ ನಡೆದರು. ನಾನು ಬಾವಿಕಟ್ಟೆಯ ಮೇಲೆ ತಂಬಿಗೆಯ ಹಗ್ಗ ಹಿಡಿದು ಕೂತೆ. ಮದ್ದು ನಿಂತರೆ ಮಗುವಿನ ಮಾತು ಹಾಗಿರಲಿ, ನನ್ನ ಮಾತೇ ಮುಗಿಯುತ್ತಿತ್ತು.

ಮಾವ ತಿರುಗಿ ಬರುವಾಗ ಪಡೀಲಿನವರು ಹೋಗದೆ ಕಾದಿದ್ದರು. "ಎಂತ ಹೇಳಿದ್ರು?" ಎಂದು ಕೇಳಿದರು.

"ದನದ್ದಾ ಅಂತ ಕೇಳಿದೆ. ಈ ಸೀಸೆಯದ್ದು ದನದ್ದಲ್ಲ, ಹಂದಿಯದ್ದು ಅಂದ್ರು."

"ಹಂದಿ! ಮತ್ತೆ ಈಗ ಬಾವಿ ಶುದ್ಧ ಮಾಡುವುದು ಹೇಗೆ?"

ಮಾವ ನಿಧಾನಕ್ಕೆ ಕಾಲು ತೊಳೆದುಕೊಂಡರು. ನಮ್ಮ ಕಡೆಯ ಬಾವಿಗಳಲ್ಲಿ ಹುಳ ಹುಪ್ಪಟೆ ತಿನ್ನಲಿಕ್ಕೆಂದು ಮೀನು, ಆಮೆ ಬಿಡುವ ಪದ್ಧತಿ ಉಂಟು. ಮಾವ ಬಾವಿಯ ಕಡೆ ಕೈ ತೋರಿಸಿ ಹೇಳಿದರು: "ಅದರಲ್ಲಿ ಮೀನು ಉಂಟು, ಮತ್ಸ್ಯಾವತಾರ. ಆಮೆ ಉಂಟು, ಕೂರ್ಮಾವತಾರ. ಮೂರನೆಯದು ವರಾಹ ಇಷ್ಟು ದಿನ ಬಾರದೆ ಇದ್ದದ್ದೇ ದೋಷ. ಈಗ ಸರಿ ಆಯ್ತು. ನೀವು ಊಟಕ್ಕೆ ಏಳಿ."

ಸೌತೆಕಾಯಿ

ಬಸುರಿನಲ್ಲಿ ನನಗೆ ಕೈ ನಡುಗಬಹುದು, ಪ್ರಜ್ಞೆ ತಪ್ಪಬಹುದು, ಆದ್ದರಿಂದ ಮನೆಯವರೊಬ್ಬರು ಚುಚ್ಚಲು ಕಲಿಯಲೇಬೇಕೆಂದು ಡಾಕ್ಟರು ಹೇಳಿದರು. ಕಲಿಯಬೇಕಾದವರು ನನ್ನ ಗಂಡ. ಸೂಜಿ ನೋಡಿದರೆ ಕಣ್ಣು ಮುಚ್ಚುವ ಮನುಷ್ಯ. "ಮೊದಲು ಯಾವುದಾದ್ರೂ ಕಾಯಿಗೆ ನೀರು ಚುಚ್ಚಿ ಅಭ್ಯಾಸ ಮಾಡಿ ಮಾಷ್ಟ್ರೇ" ಎಂದರಂತೆ ಡಾಕ್ಟರು.

ಮಳೆಗಾಲಕ್ಕೆಂದು ಅತ್ತೆ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ, ದೇವರ ಕೋಣೆಯ ಹೊರಗಿನ ಚಾವಡಿಯ ಜಂತಿಗೆ ಸಾಲಾಗಿ ನೇತು ಹಾಕಿದ್ದರು. ಹಾಗೆ ಕಟ್ಟಿದರೆ ಅವು ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊರಗೆ ಜಡಿಮಳೆ ಸುರಿಯುವಾಗ ಅದೇ ನಮ್ಮ ತರಕಾರಿ, ಅದೇ ನಮ್ಮ ಧೈರ್ಯ.

ನನ್ನ ಗಂಡ ಯಾರಿಗೂ ಹೇಳದೆ ಅಭ್ಯಾಸ ಸುರು ಮಾಡಿದರು. ಒಂದು ಕಾಯಿಯಲ್ಲಿ ಕಲಿತು ನಿಲ್ಲಿಸಬಹುದಿತ್ತು. ಆದರೆ ಅವರಿಗೆ ಅದರಲ್ಲೇ ರುಚಿ ಹತ್ತಿತು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದನ್ನೂ ಬಿಡದೆ ಚುಚ್ಚಿದರು.

ಚುಚ್ಚಿದ ಕಾಯಿ ಉಳಿಯುತ್ತದೆಯೇ? ಒಂದೊಂದಾಗಿ ಮೆತ್ತಗಾಗಲು ಸುರುವಾದವು. ಅತ್ತೆ ತೊಟ್ಟು ಹಿಡಿದು ನೋಡಿದರು, ಮೂಸಿ ನೋಡಿದರು, ಕಡೆಗೆ ಯಾರದೋ ಕಣ್ಣು ಬಿದ್ದಿದೆಯೆಂದು ಉಪ್ಪು ಮೆಣಸು ಇಳಿಸಿ ಒಲೆಗೆ ಹಾಕಿದರು. ಮರುದಿನ ಬೆಳಿಗ್ಗೆ ಮಾವ ಚಾವಡಿಯಲ್ಲಿ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದಾಗ, ಎಲ್ಲಕ್ಕಿಂತ ದೊಡ್ಡ ಸೌತೆಕಾಯಿ ನಾರಿನಿಂದ ಕಳಚಿ ಅವರ ಬೋಳು ತಲೆಯ ಮೇಲೆ ಬಿದ್ದು ಒಡೆಯಿತು. ಮೈಯೆಲ್ಲ ಬೀಜ. ಮಾವ ಕಣ್ಣು ತೆರೆಯದೆ, "ಯಾರದು?" ಎಂದರು.

ಆಗ ನನ್ನ ಗಂಡ ಒಪ್ಪಿಕೊಳ್ಳಲೇಬೇಕಾಯಿತು. ಎಲ್ಲ ಕೇಳಿದ ಮೇಲೆ ಅತ್ತೆ ಖಾಲಿಯಾದ ಜಂತಿಯನ್ನು ನೋಡಿದರು, ಮಗನನ್ನು ನೋಡಿದರು, ನನ್ನನ್ನು ಕೈ ಹಿಡಿದು ತಮ್ಮ ಬೆನ್ನ ಹಿಂದಕ್ಕೆ ಎಳೆದುಕೊಂಡರು.

"ವರ್ಷ ಪೂರ್ತಿ ಬರುವ ಸೌತೆಕಾಯಿಯನ್ನೇ ವಾರದಲ್ಲಿ ಕೊಳೆಸಿದವ ನೀನು. ಇವಳನ್ನು ನಿನ್ನ ಕೈಗೆ ಕೊಡ್ಲಿಕ್ಕುಂಟಾ?"

ಕೋಪಕ್ಕೆ ಬೆಲ್ಲ

ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಅರ್ಧ ಗಂಟೆಯೊಳಗೆ ಉಣ್ಣಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆ ಇಳಿದು ಮೈ ಬೆವರುತ್ತದೆ, ತಲೆ ತಿರುಗುತ್ತದೆ, ಬಾಯಿಗೆ ಬಂದದ್ದು ಹೊರಗೆ ಬರುತ್ತದೆ. ಆದರೆ ಅರ್ಚಕರ ಮನೆಯಲ್ಲಿ ಮೊದಲು ಉಣ್ಣುವವನು ದೇವರು. ಆಮೇಲೆ ಗಂಡಸರು, ಬಂದವರು, ಹಿರಿಯ ಹೆಂಗಸರು. ಸೊಸೆ ಕಟ್ಟಕಡೆಗೆ. ಇನ್ಸುಲಿನ್ನಿಗೆ ಈ ಸಂಪ್ರದಾಯ ಯಾರೂ ತಿಳಿಸಿ ಹೇಳಿರಲಿಲ್ಲ.

ದಿನನಿತ್ಯ ಹೇಗೋ ಅತ್ತೆ ಎರಡು ತುತ್ತು ಮೊದಲೇ ಹಾಕುತ್ತಿದ್ದರು. ಆದರೆ ಅಜ್ಜನ ಶ್ರಾದ್ಧದ ದಿನ ಅದೂ ನಡೆಯಲಿಲ್ಲ. ಬ್ರಾಹ್ಮಣರ ಊಟ ಆಗದೆ ಯಾರೂ ಬಾಯಿಗೆ ನೀರೂ ಹಾಕುವ ಹಾಗಿಲ್ಲ. ಬರಬೇಕಾದವರು ಮಳೆಗೆ ಸಿಕ್ಕಿ ತಡವಾಗಿ ಬಂದರು. ನಾನು ಚುಚ್ಚಿಕೊಂಡು ಆಗಿತ್ತು.

ಆ ದಿನ ವಾಮಂಜೂರಿನಿಂದ ಮಾವನ ಅಕ್ಕ ಬಂದಿದ್ದರು. ಅವರನ್ನು ಕಂಡರೆ ಮಾವನೂ ಎದ್ದು ನಿಲ್ಲುತ್ತಿದ್ದರು. ಅಡಿಗೆಮನೆಯಲ್ಲಿ ಎಲ್ಲರ ಎದುರು ಅವರು ಅತ್ತೆಗೆ, "ಇವಳಿಂದ ಆಗುವುದಲ್ಲ ಹೋಗುವುದಲ್ಲ. ಹುಡುಗನಿಗೆ ಬೇರೆ ಒಂದು ನೋಡಿದ್ರೆ ಎಂತ?" ಎಂದರು. ಅತ್ತೆ ಸೌಟು ಹಿಡಿದವರು ಹಾಗೆಯೇ ನಿಂತರು.

ಮುಂದಿನದ್ದು ನನಗೆ ನೆನಪಿಲ್ಲ. ಬೇರೆಯವರು ಹೇಳಿದ್ದು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಅವರ ಎದುರು ನಿಂತು, "ನೀವು ಪ್ರತಿ ಸಲ ಊಟ ಆದ ಮೇಲೆ ವಡೆ ಕಟ್ಟಿಕೊಂಡು ಹೋಗುವುದು ಯಾರಿಗೂ ಗೊತ್ತಿಲ್ಲ ಅಂತ ಮಾಡಿದ್ದೀರಾ? ಹೋದ ವರ್ಷ ಹಿತ್ತಾಳೆ ಸೌಟು ಕಾಣೆಯಾದದ್ದು ಎಲ್ಲಿಗೆ?" ಎಂದು ಕೇಳಿದೆನಂತೆ. ಹೇಳಿ ಮುಗಿಸಿ ನೆಲಕ್ಕೆ ಕುಸಿದೆನಂತೆ. ನನ್ನ ಗಂಡ ಓಡಿ ಬಂದು ಬಾಯಿಗೆ ಬೆಲ್ಲ ತುರುಕಿದರು. ನನಗೆ ಎಚ್ಚರವಾಗುವಾಗ ವಾಮಂಜೂರಿನವರು ಗಾಡಿ ಹತ್ತಿ ಆಗಿತ್ತು. ಅತ್ತೆ ನನ್ನ ಹಣೆ ಒರೆಸುತ್ತಾ, "ಪಾಪ, ಇವಳು ಹೇಳಿದ್ದಲ್ಲ, ಸಕ್ಕರೆ ಇಳಿದು ಹೇಳಿಸಿದ್ದು" ಎಂದು ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು. ಅವರ ಮುಖದಲ್ಲಿ ಅಂಥ ಆನಂದ ನಾನು ಹಿಂದೆ ಕಂಡಿರಲಿಲ್ಲ.

ಅಲ್ಲಿಂದ ಮೇಲೆ ನನಗೆ ಆ ಮನೆಯಲ್ಲಿ ಕೋಪ ಮಾಡಿಕೊಳ್ಳುವ ಹಕ್ಕೇ ಹೋಯಿತು. ಸ್ವಲ್ಪ ಸ್ವರ ಎತ್ತಿದರೆ ಸಾಕು, "ಇಳಿಯಿತು, ಇಳಿಯಿತು!" ಎಂದು ಎಲ್ಲರೂ ಬೆಲ್ಲದ ಡಬ್ಬಿಗೆ ಓಡುತ್ತಿದ್ದರು. ಒಮ್ಮೆ ನನ್ನ ಗಂಡ ಸಿರಿಂಜು ಕುದಿಸಲಿಕ್ಕಿಟ್ಟು ಶ್ಲೋಕ ಓದುತ್ತಾ ಕೂತು, ನೀರೆಲ್ಲ ಆರಿ ಗಾಜು ಒಡೆಯಿತು. ನನಗೆ ನೆತ್ತಿಗೇರಿತು. "ನಿಮಗೆ ಏನಾದ್ರೂ..." ಎಂದದ್ದಷ್ಟೇ, ಬಾಯಿಯೊಳಗೆ ಬೆಲ್ಲದ ಅಚ್ಚು. ಉಗುಳಿ, "ಇದು ನಿಜವಾದ ಕೋಪ ಮಾರಾಯ್ರೆ!" ಎಂದು ಕಿರುಚಿದೆ. ಅವರು ಹೆದರಿ ತಾಯಿಯನ್ನು ಕರೆದರು.

"ಅಮ್ಮಾ, ಒಂದು ಅಚ್ಚು ಸಾಕಾಗ್ಲಿಲ್ಲ. ಇನ್ನೊಂದು ತನ್ನಿ!"

ಊರವರ ಮದ್ದು

ನಮ್ಮ ಓಣಿಯಲ್ಲಿ ವೈದ್ಯ ಅಲ್ಲದವರು ಒಬ್ಬರೂ ಇರಲಿಲ್ಲ. ಒಬ್ಬರು ಹಾಗಲಕಾಯಿ ರಸ ತಂದುಕೊಟ್ಟರೆ ಇನ್ನೊಬ್ಬರು ನೇರಳೆ ಬೀಜದ ಪುಡಿ ತಂದರು. ಪಾಗಾರದ ಹೆಂಗಸು ದಿನಾ ಅಮೃತಬಳ್ಳಿಯ ಕಷಾಯ ಕುದಿಸಿ, ನಾನು ಕುಡಿದು ಮುಗಿಸುವ ತನಕ ಎದುರು ನಿಂತು ಕಾಯುತ್ತಿದ್ದರು. "ಸೂಜಿ ಬಿಡು ಮಗಾ, ಇದರಲ್ಲಿ ಬುಡದಿಂದ ಹೋಗ್ತದೆ" ಎನ್ನುತ್ತಿದ್ದರು. ಸೂಜಿ ಬಿಟ್ಟರೆ ಬುಡದಿಂದ ಹೋಗುವವಳು ನಾನು ಎಂದು ಎಷ್ಟು ಹೇಳಿದರೂ ಕೇಳುವವರಿಲ್ಲ. ನಾಲಿಗೆ ಕಹಿಯಾಗಿ, ಸ್ವಭಾವವೂ ಕಹಿಯಾಗುತ್ತಾ ಬಂದಿತ್ತು.

ಹೀಗಿರುವಾಗ ಯುದ್ಧದಿಂದಾಗಿ ಸಕ್ಕರೆ ಕಂಟ್ರೋಲಿಗೆ ಬಂತು. ವರ್ಷಗಟ್ಟಲೆ ನನ್ನ ಕೈಲಿ ಆಗದ್ದನ್ನು ಸರಕಾರ ಒಂದೇ ದಿನದಲ್ಲಿ ಮಾಡಿತು. ತಲೆಗೆ ಇಷ್ಟೆಂದು ಅಳೆದು ಕೊಡುತ್ತಿದ್ದರು. ನನ್ನ ತಲೆಗೂ ಒಂದು ಪಾಲು ಬರುತ್ತಿತ್ತು. ನನ್ನ ಪಾಲು ನಾನು ತಿನ್ನುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತು.

ಮರುದಿನದಿಂದ ಕಷಾಯ ನಿಂತಿತು. ಹಾಗಲಕಾಯಿ ನಿಂತಿತು. ನೇರಳೆ ಬೀಜದವರು ದಾರಿಯಲ್ಲಿ ಸಿಕ್ಕರೂ ಮದ್ದಿನ ಸುದ್ದಿ ಎತ್ತಲಿಲ್ಲ. ಬದಲಿಗೆ ಎಲ್ಲರೂ ಒಂದೊಂದು ಖಾಲಿ ಬಟ್ಟಲು ಹಿಡಿದು ಬಂದು ಬಹಳ ಪ್ರೀತಿಯಿಂದ ಕುಶಲ ಕೇಳಲಾರಂಭಿಸಿದರು. ಅತ್ತೆ ಬಂದವರಿಗೆಲ್ಲ ಒಂದೊಂದು ಹಿಡಿ ಕೊಟ್ಟು, ಮನೆಯ ಕಾಪಿಗೆ ಬೆಲ್ಲ ಹಾಕುತ್ತಿದ್ದರು.

ಒಂದು ಬೆಳಿಗ್ಗೆ ನನ್ನ ಟ್ಯೂಬು ಸರಿಯಾದ ನೀಲಿ ಬಂತು. ವಾರಪೂರ್ತಿ ಹಾಗೆಯೇ ನಿಂತಿತು. ಖುಷಿ ತಡೆಯಲಾಗದೆ ಪಾಗಾರದ ಹೆಂಗಸಿಗೆ ನಾನೇ ಕೂಗಿ ಹೇಳಿದೆ: "ಅಕ್ಕಾ, ನೀಲಿ ಉಂಟು! ಸಕ್ಕರೆ ಒಂಚೂರೂ ಇಲ್ಲ!"

ಅವರ ಮುಖ ಸಣ್ಣದಾಯಿತು. ಬಟ್ಟಲನ್ನು ಸೆರಗಿನೊಳಗೆ ಅಡಗಿಸಿ ಮೆಲ್ಲ ಕೇಳಿದರು: "ಹಾಗಾದ್ರೆ ಕಾಯಿಲೆ ಪೂರ್ತಿ ಗುಣ ಆಯ್ತಾ? ಛೆ, ದೇವರು ಹಾಗೆ ಮಾಡ್ಲಿಕ್ಕಿಲ್ಲ ಮಗಾ, ಧೈರ್ಯ ಬಿಡ್ಬೇಡ."

ಹರಕೆ

ಮಳೆಗಾಲ ಮುಗಿಯಿತು. ಕೊನೆಯ ಎರಡು ತಿಂಗಳು ನಾನು ಹೇಗೆ ನೀಲಿ ಉಳಿಸಿದೆನೆಂದು ನನಗೇ ಗೊತ್ತು. ಅಳೆದು ಉಂಡೆ, ಹಸಿದು ಎದ್ದೆ, ಹಬ್ಬದಡಿಗೆಯ ಎದುರು ಮೂಗು ಮುಚ್ಚಿಕೊಂಡು ಕೂತೆ. ಡಾಕ್ಟರು ತಮ್ಮ ಕಣ್ಣೆದುರೇ ಒಮ್ಮೆ ಪರೀಕ್ಷೆ ಮಾಡಬೇಕೆಂದು, ಬೆಳಗಿನ ಸೀಸೆ ತೆಗೆದುಕೊಂಡು ಬರಲು ಹೇಳಿದರು. ಆ ದಿನ ಅವರು ಹೂಂ ಎಂದರೆ ಮಗು, ಊಹೂಂ ಎಂದರೆ ಮತ್ತೆ ಯಾವಾಗಲೋ.

ಅದರ ಹಿಂದಿನ ಸಂಜೆ ಅತ್ತೆ ಗಣಪತಿ ದೇವಸ್ಥಾನದಿಂದ ಒಂದು ಬಾಳೆಲೆ ಪೊಟ್ಟಣ ತುಂಬ ಅಪ್ಪಕಜ್ಜಾಯ ತಂದರು. ಬೆಲ್ಲ, ತುಪ್ಪ ಸೋರುತ್ತಿತ್ತು. ಸೊಸೆಗೆ ಸಂತಾನವಾಗಲೆಂದು ಅವರು ಹೊತ್ತ ಹರಕೆ. "ಇದು ಹೆರುವವಳೇ ತಿನ್ಬೇಕು, ಒಂದೂ ಬಿಡ್ಬಾರ್ದು. ಬಿಟ್ರೆ ಹರಕೆ ಸಲ್ಲುವುದಿಲ್ಲ" ಎಂದರು.

"ಅತ್ತೆ, ನಾಳೆ ಪರೀಕ್ಷೆ ಉಂಟಲ್ಲ!"

"ಪ್ರಸಾದಕ್ಕೆ ದೋಷ ಇಲ್ಲ. ತಿನ್ನು."

ಮಗುವಿಗಾಗಿ ಹೊತ್ತ ಹರಕೆಯೇ ಮಗುವನ್ನು ತಪ್ಪಿಸಲಿಕ್ಕೆ ಬಂದರೆ ಯಾರ ಹತ್ತಿರ ಹೇಳುವುದು? ಅವರು ಎದುರೇ ಕೂತಿದ್ದರು. ಒಂದು ಚೂರು ಬಾಯಿಗೆ ಮುಟ್ಟಿಸಿ, ಅವರು ದೀಪದ ಬತ್ತಿ ಸರಿಮಾಡಲು ತಿರುಗಿದಾಗ ಉಳಿದದ್ದನ್ನೆಲ್ಲ ಸೆರಗಿಗೆ ಸುರುವಿಕೊಂಡೆ. ಖಾಲಿ ಎಲೆ ತೋರಿಸಿದೆ. ಸೀದಾ ಹಟ್ಟಿಗೆ ಹೋಗಿ ದನದ ಬಾಯಿಗೆ ಹಾಕಿದೆ. ಗಣಪತಿಗೆ ತಪ್ಪು ಕಾಣಿಕೆ ಆಮೇಲೆ ಹಾಕಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಸೀಸೆ ತುಂಬಿಸಿ ಹಿತ್ತಿಲ ಜಗಲಿಯ ಮೂಲೆಯಲ್ಲಿಟ್ಟು ಸ್ನಾನಕ್ಕೆ ಹೋದೆ. ಬಂದು ಚೀಲಕ್ಕೆ ಹಾಕಿಕೊಂಡೆ. ನಾನು, ನನ್ನ ಗಂಡ ಹೊರಟಾಗ ಅತ್ತೆಯೂ ಹಟ ಹಿಡಿದು ಜಟಕಾ ಹತ್ತಿದರು. ದಾರಿಯುದ್ದಕ್ಕೂ ಬಾಯಲ್ಲಿ ಮಂತ್ರ.

ಡಾಕ್ಟರು ಟ್ಯೂಬಿಗೆ ತೊಟ್ಟು ಹಾಕಿ ದೀಪಕ್ಕೆ ಹಿಡಿದರು. ನಾನು ಮೇಜಿನ ಅಂಚು ಹಿಡಿದು ನಿಂತೆ. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಹಳದಿ ನಿಲ್ಲಲೇ ಇಲ್ಲ, ನೋಡುತ್ತಿದ್ದ ಹಾಗೆ ಹೊಸ ಹೆಂಚಿನ ಬಣ್ಣಕ್ಕೆ ತಿರುಗಿತು.

"ಏನಿದು?" ಎಂದರು ಡಾಕ್ಟರು. "ನಿನ್ನೆ ಎಂತ ತಿಂದೆ? ನಿಜ ಹೇಳು. ಇಷ್ಟು ಸಕ್ಕರೆ ಇಟ್ಟುಕೊಂಡು ನೀನು ತಾಯಿ ಆಗುವ ಮಾತೇ ಇಲ್ಲ. ಈ ವರ್ಷ ನಾನು ಒಪ್ಪುವುದಿಲ್ಲ."

ನಾನು ಅತ್ತುಬಿಟ್ಟೆ. ಏನೂ ತಿಂದಿಲ್ಲ ಎಂದೆ, ಅವರು ನಂಬಲಿಲ್ಲ. ನನ್ನ ಗಂಡ ಟ್ಯೂಬನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟೂ ತಿಂಗಳ ಹಸಿವು ಒಂದು ಕೊಳವೆಯಲ್ಲಿ ಕೆಂಪಾಗಿ ಕೂತಿತ್ತು. ಇನ್ನು ನನಗೆ ಮಗು ಇಲ್ಲ ಎಂದೇ ಅನಿಸಿತು.

ಮೂಲೆಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು. ಸೆರಗಿನ ತುದಿ ಹಿಂಡುತ್ತಾ, "ಡಾಕ್ಟ್ರೇ, ಅವಳಿಗೆ ಬೈಬೇಡಿ. ಅದು ಅವಳದ್ದಲ್ಲ" ಎಂದರು.

"ಮತ್ತೆ ಯಾರದ್ದು?"

"ನನ್ನದು."

ಅತ್ತೆ ಒಂದೇ ಉಸಿರಿನಲ್ಲಿ ಹೇಳಿದರು. "ನಿನ್ನೆ ನಾನೇ ಕೂತು ಅವಳಿಗೆ ಅಪ್ಪಕಜ್ಜಾಯ ತಿನ್ನಿಸಿದೆ. ರಾತ್ರೆ ಮಲಗಿದ ಮೇಲೆ ಹೆದರಿಕೆ ಆಯ್ತು. ನನ್ನಿಂದಾಗಿ ಕೆಂಪು ಬಂದ್ರೆ ನೀವು ಬೇಡ ಅಂತೀರಿ. ಅದಕ್ಕೆ ಬೆಳಿಗ್ಗೆ ಅವಳದ್ದು ಚೆಲ್ಲಿ, ಸೀಸೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಬಾವಿಕಟ್ಟೆಯಲ್ಲಿ ಮಿಂದು ಮಡಿಯಲ್ಲಿ ನನ್ನದು ತುಂಬಿಸಿದೆ. ಆರು ಹೆತ್ತ ಹೊಟ್ಟೆ, ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗ್ತದೆ ಅಂತ ಮಾಡಿದೆ."

ಗಂಡನ ಪಾತ್ರೆಯನ್ನೂ ಮಡಿಯಲ್ಲದೆ ಮುಟ್ಟದ ಹೆಂಗಸು ನನಗಾಗಿ ಆ ಸೀಸೆ ತೊಳೆದಿದ್ದರು. ನಾನು ಅಳುತ್ತಲೇ, "ಅತ್ತೆ, ಆ ಅಪ್ಪಕಜ್ಜಾಯ ನಾನು ತಿನ್ಲೇ ಇಲ್ಲ, ದನಕ್ಕೆ ಹಾಕಿದೆ" ಎಂದೆ. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಯಾರು ಯಾರಿಗೆ ಬೈಯಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಡಾಕ್ಟರು ಅಲ್ಲೇ ನನ್ನಿಂದ ಬೇರೆ ತೆಗೆಸಿ ಕುದಿಸಿದರು. ಕುದಿಯಿತು, ಕುದಿಯಿತು, ನೀಲಿಯಾಗಿಯೇ ಉಳಿಯಿತು. "ಆಗಬಹುದು" ಎಂದರು ಡಾಕ್ಟರು. "ಹುಷಾರಿನಲ್ಲಿರು. ಆದರೆ ಆಗಬಹುದು." ಆ ಮಾತಿಗಾಗಿ ನಾನು ಎಷ್ಟು ಕಾದಿದ್ದೆ! ಈಗ ಒಳಗೆ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿರುವ ನನ್ನ ಮಗಳ ಮೂಲ ಆ ಒಂದು ಮಾತಿನಲ್ಲಿದೆ. ಆದರೆ ಅದನ್ನು ಕೇಳಿ ಕುಣಿಯಲಿಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಡಾಕ್ಟರು ಆಗಲೇ ಅತ್ತೆಯನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಬಾಯಾರಿಕೆ ಉಂಟಾ, ಸುಸ್ತು ಉಂಟಾ ಎಂದು ಕೇಳುತ್ತಿದ್ದರು.

"ಅಮ್ಮಾ, ನಿಮಗೂ ಸಕ್ಕರೆ ಕಾಯಿಲೆ ಉಂಟು. ಇವತ್ತಿನಿಂದ ನಿಮಗೂ ಪಥ್ಯ. ಟ್ಯೂಬು ನೀಲಿ ಬರುವ ತನಕ ಬಿಡ್ಲಿಕ್ಕಿಲ್ಲ."

ಅತ್ತೆ ಆ ಕೆಂಪು ಟ್ಯೂಬನ್ನು ನೋಡಿದರು. ಆಮೇಲೆ ತಮ್ಮ ಆರನೆಯ ಮಗನನ್ನು, ಅಂದರೆ ಖಾಲಿ ಸೀಸೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನನ್ನು, ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದಲ್ಲಿ ನಿಜವಾದ ಕಳವಳ.

"ನೀಲಿ ಬಾರದೆ ಮಕ್ಕಳಾಗ್ಬಾರ್ದು ಅಂತ ಹೇಳಿದವರು ನೀವೇ ಅಲ್ವಾ ಡಾಕ್ಟ್ರೇ? ಹಾಗಾದ್ರೆ ಈಗಾಗ್ಲೇ ಹೆತ್ತು ಆದ ಈ ಆರನ್ನು ಎಂತ ಮಾಡುವುದು?"